ನೋವು ಬರಿಸೋಕೆ ಅಡ್ಮಿಟ್ ಮಾಡ್ಕೋತಾರಂತೆ

ನಿಮ್ಮ ಮಗಳದ್ದು ಡೇಟ್ ದಾಟಿತಂತೆ, ಸೋಮವಾರ ಬಂದು ಅಡ್ಮಿಟ್ ಆಗಿ, ನೋವು ಬರಿಸೋಣ ಅಂದರಂತೆ ಡಾಕ್ಟರು. ಬೆಳಿಗ್ಗೆ ಹಾಲಿನವನ ಹತ್ತಿರ ಹೇಳುತ್ತಿದ್ದಿರಲ್ಲ, ಕಿವಿಗೆ ಬಿತ್ತು. ಇಂಥ ಸುದ್ದಿ ಕೇಳಿದ ಮೇಲೆ ಸುಮ್ಮನೆ ದಾಸವಾಳ ಬಿಡಿಸಿಕೊಂಡು ಒಳಗೆ ಹೋಗೋದು ನನ್ನ ಕೈಲಾಗೋ ಮಾತಾ? ನೀವೂ ಆ ಬಕೆಟ್ ಕೆಳಗಿಡಿ. ಮುಖ ನೋಡಿದರೇ ಗೊತ್ತಾಗುತ್ತೆ, ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ ನೀವು.

ಡೇಟ್ ದಾಟಿದ ಬಸುರಿ ಇರೋ ಮನೆಗೆ ಫೋನು ಬರೋದು ನಿಲ್ಲೋದೇ ಇಲ್ಲ. ಚಿಕ್ಕಮ್ಮ, ಸೋದರತ್ತೆ, ಅಳಿಯನ ಆಫೀಸಿನವರು, ಎಲ್ಲರದೂ ಒಂದೇ ಪ್ರಶ್ನೆ, ‘ಇನ್ನೂ ಆಗಿಲ್ವಾ?’ ಪಾಪ ಆ ಹುಡುಗಿ, ತಾನೇ ಏನೋ ತಡ ಮಾಡುತ್ತಿದ್ದೀನಿ ಅಂದುಕೊಂಡು ಮುಖ ಸಣ್ಣದು ಮಾಡಿಕೊಂಡು ಕೂತಿರುತ್ತಾಳೆ. ಆ ಡೇಟು ಬಂದದ್ದಾದರೂ ಎಲ್ಲಿಂದ? ಕೊನೇ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ. 19ನೇ ಶತಮಾನದ ಜರ್ಮನ್ ವೈದ್ಯ ಫ್ರಾಂಜ್ ನೇಗೆಲೆ ಹೆಸರಿನಲ್ಲಿ ನಡೆದುಬಂದ ಲೆಕ್ಕ ಅದು: ಆ ತಾರೀಖಿಗೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ ಅಂತ. ನಮ್ಮ ಅಜ್ಜಿಯರು ಹೇಳುತ್ತಿದ್ದ ಒಂಬತ್ತು ತಿಂಗಳು ಒಂಬತ್ತು ದಿನಕ್ಕೂ ಇದಕ್ಕೂ ಎರಡೇ ದಿನದ ಅಂತರ ನೋಡಿ! ಆದರೆ ಸರಿಯಾಗಿ ಅದೇ ದಿನ ಹುಟ್ಟೋ ಮಕ್ಕಳು ನೂರಕ್ಕೆ ನಾಲ್ಕೋ ಐದೋ. ಮಿಕ್ಕವರೆಲ್ಲ ಆಚೀಚೆಯವರೇ.

ಇನ್ನೊಂದು ವಿಚಿತ್ರ. ತಾಯಿ ಕಾರ್ಡಿನಲ್ಲಿ ಒಂದು ತಾರೀಖು, ಮೂರನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಒಂದು, ಎಂಟನೇ ತಿಂಗಳದ್ದರಲ್ಲಿ ಮತ್ತೊಂದು. ಮನೆಮಂದಿ ಮೂರನ್ನೂ ಟೇಬಲ್ ಮೇಲೆ ಹರಡಿಕೊಂಡು ತಮಗೆ ಹಿಡಿಸಿದ್ದನ್ನ ಆರಿಸಿಕೊಳ್ಳುತ್ತಾರೆ. ಹಾಗೆ ಮಾಡಬಾರದು. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ಹೇಳಿದ್ದೇ ಹೆಚ್ಚು ಗಟ್ಟಿ. ಆಮೇಲೆ ಒಂದು ಮಗು ಗುಂಡಗೆ ಬೆಳೆಯುತ್ತೆ, ಇನ್ನೊಂದು ಸಣಕಲಾಗಿ ಬೆಳೆಯುತ್ತೆ. ಅಳತೆ ನೋಡಿ ದಿನ ಹೇಳೋದು ಆಗ ಕಷ್ಟ. ಸೋಮವಾರ ಹೋಗುವಾಗ ಆ ಹಳೇ ರಿಪೋರ್ಟು ಫೈಲಿನ ಮೇಲ್ಗಡೆಯೇ ಇರಲಿ.

‘ತಾನಾಗೇ ಬರೋ ನೋವಿಗೆ ಯಾಕೆ ಅವಸರ’ ಅಂತ ನಿಮ್ಮ ಅತ್ತೆ ಅಂದರಂತಲ್ಲ. ದೊಡ್ಡವರ ಮಾತು, ತಪ್ಪು ಅನ್ನೋಕಾಗಲ್ಲ. ಎಲ್ಲ ಸರಿ ಇದ್ದು ದಿನ ಇನ್ನೂ ಇರೋವಾಗ ಕಾಯೋದೇ ಚೆಂದ. ಆದರೆ 41 ವಾರ ತುಂಬಿದ ಮೇಲೆ ನೋವು ಬರಿಸೋದು ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತೆ. ಆ ದಿನಗಳಲ್ಲಿ ಮಗು ಒಳಗೇ ತೀರಿಕೊಳ್ಳೋ ಅಪಾಯ ಚೂರು ಚೂರಾಗಿ ಏರುತ್ತಾ ಹೋಗುತ್ತೆ. ಅಪಾಯ ಸಣ್ಣದೇ, ಆದರೆ ಹಾಗೆ ಕಳೆದುಕೊಂಡ ಮನೆಗೆ ಅದು ಸಣ್ಣದಲ್ಲವಲ್ಲ. ಬಿಪಿ ಏರಿದವರಿಗೆ, ಶುಗರ್ ಬಂದವರಿಗೆ, ನೀರು ಕಮ್ಮಿಯಾದವರಿಗೆ, ನೀರು ಒಡೆದೂ ನೋವು ಬಾರದವರಿಗೆ ಡಾಕ್ಟರು ಇನ್ನೂ ಮೊದಲೇ ಹೇಳಬಹುದು. ನಿಮ್ಮ ಮಗಳಿಗೆ ಯಾಕೆ ಅಂತ ಒಂದು ಮಾತು ಬಿಡಿಸಿ ಕೇಳಿಕೊಳ್ಳಿ. ಸಂಕೋಚ ಏನೂ ಬೇಡ.

ಡೇಟ್ ದಾಟಿತು ಅಂದ ತಕ್ಷಣ ಯಾರಾದರೊಬ್ಬರು ಹರಳೆಣ್ಣೆ ಹಿಡಿದುಕೊಂಡು ಬರುತ್ತಾರೆ, ಅಲ್ವಾ? ನಮ್ಮ ದೊಡ್ಡಮ್ಮನ ಮನೆಯಲ್ಲಿ ಬಿಸಿ ಕಾಫಿಗೆ ಬೆರೆಸಿ, ಮೂಗು ಹಿಡಿದು ಕುಡಿಸುತ್ತಿದ್ದರು. ಲೋಟದ ಮೇಲೆ ಆ ಎಣ್ಣೆಯ ಬಳೆಬಳೆ ತೇಲೋದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದರಲ್ಲಿ ಏನೂ ಇಲ್ಲ ಅಂತಲ್ಲ. ಹರಳೆಣ್ಣೆಯ ರಿಸಿನೋಲೆಯಿಕ್ ಆಮ್ಲ ಕರುಳನ್ನ ಕೆರಳಿಸೋದರ ಜೊತೆ ಗರ್ಭಕೋಶವನ್ನೂ ಯಾಕೆ ಕೆರಳಿಸುತ್ತೆ ಅಂತ 2012ರಲ್ಲಿ ಇಲಿಗಳ ಮೇಲೆ ಪರೀಕ್ಷಿಸಿ ಕಂಡುಕೊಂಡರು. ಪ್ರೋಸ್ಟಾಗ್ಲಾಂಡಿನ್ ಅನ್ನೋ ರಸ ಕೆಲಸ ಮಾಡೋ ಒಂದು ಜಾಗದಲ್ಲೇ ಇದೂ ಕೆಲಸ ಮಾಡುತ್ತಂತೆ. ಆದರೆ ಕುಡಿದವರಿಗೆ ಬೇಧಿ ಹಿಡಿದು, ವಾಂತಿಯಾಗಿ, ಹೆರಿಗೆ ಹೊತ್ತಿಗೆ ನಿಲ್ಲೋಕೂ ತ್ರಾಣ ಇರೋದಿಲ್ಲ. ಸೋಮವಾರ ಆಸ್ಪತ್ರೆ ಇಟ್ಟುಕೊಂಡು ಭಾನುವಾರ ಹರಳೆಣ್ಣೆ ಬೇಡವೇ ಬೇಡ. ಬಂದವರಿಗೆ ಕಾಫಿ ಕೊಟ್ಟು ಕಳಿಸಿ, ಬಾಟಲಿ ಒಳಗಿಡಿ.

ಹಳೇ ಕಾಲ ಅಂದಕೂಡಲೇ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮ ನೆನಪಾಗುತ್ತಾರೆ. ಹದಿನೈದು ಸಾವಿರಕ್ಕೂ ಮೇಲೆ ಹೆರಿಗೆ ಮಾಡಿಸಿದವರು, ದುಡ್ಡು ಮುಟ್ಟದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ಹೋಗಿಬಿಟ್ಟರು. ಹೊಟ್ಟೆ ಮುಟ್ಟಿಯೇ ಮಗು ಹೇಗೆ ಮಲಗಿದೆ ಅಂತ ಹೇಳುತ್ತಿದ್ದರಂತೆ. ಅಂಥ ಕೈಯಲ್ಲಿ ಎಷ್ಟು ವಿದ್ಯೆ ಇತ್ತು! ನಾನು ಅವರನ್ನ ನೆನೆಸಿಕೊಂಡದ್ದು ಯಾಕೆ ಅಂದರೆ, ನೋವಿನ ಜೊತೆ ರಾತ್ರಿಯೆಲ್ಲ ಕೂತು ಕಾಯೋ ತಾಳ್ಮೆ ಅವರದು. ನಮಗೆ ಈಗ ಅದೇ ಕಮ್ಮಿ. ಬೆಳಿಗ್ಗೆ ಅಡ್ಮಿಟ್ ಮಾಡಿದರೆ ಸಂಜೆ ಮಗು ಕೈಗೆ ಬರುತ್ತೆ ಅಂದುಕೊಂಡು ಹೋಗುತ್ತೇವೆ, ರಾತ್ರಿಯಾಗೋ ಹೊತ್ತಿಗೆ ಎದೆ ಡವಗುಟ್ಟೋಕೆ ಶುರು. ಚೊಚ್ಚಲು ಹೆರಿಗೆಯಲ್ಲಿ ನೋವು ಬರಿಸೋದು ಅಂದರೆ ಒಂದು ದಿನ, ಒಂದೂವರೆ ದಿನ, ಕೆಲವರಿಗೆ ಎರಡು ದಿನವೂ ಆಗುತ್ತೆ. ಇದನ್ನ ಮೊದಲೇ ಹೇಳಿಬಿಟ್ಟರೆ ಆ ಹುಡುಗಿಗೂ ಧೈರ್ಯ, ಹೊರಗೆ ಕೂತವರಿಗೂ ನೆಮ್ಮದಿ. ಯಾರೂ ಹೇಳೋದೇ ಇಲ್ಲ, ಅದೇ ನನಗೆ ಬೇಜಾರು.

ಅಷ್ಟು ಹೊತ್ತು ಯಾಕೆ ಬೇಕು ಅಂತೀರಾ? ಗರ್ಭಕೋಶದ ಬಾಯಿ ಹದಕ್ಕೆ ಬರಬೇಕಲ್ಲ. ಒಬ್ಬ ಹಿರೀ ನರ್ಸಮ್ಮ ನನಗೆ ಬಿಡಿಸಿ ಹೇಳಿದ್ದರು. ನಿಮ್ಮ ಮೂಗಿನ ತುದಿ ಒಂದು ಸಲ ಮುಟ್ಟಿ ನೋಡಿ, ಗಟ್ಟಿ ಇದೆ ಅಲ್ವಾ? ಈಗ ತುಟಿ ಮುಟ್ಟಿ. ಮಾಗದ ಬಾಯಿ ಮೂಗಿನ ತುದಿಯಷ್ಟು ಗಟ್ಟಿ, ಮಾಗಿದ್ದು ತುಟಿಯಷ್ಟು ಮೆತ್ತಗೆ. ನೋವಿಗೆ ಮೊದಲು ನಡೆಯೋದೆಲ್ಲ ಈ ಮೂಗು ತುಟಿಯಾಗೋ ಕೆಲಸ. ಇದಕ್ಕೆ ಅಂಕ ಕೊಡೋ ಪದ್ಧತಿಯನ್ನ 1964ರಲ್ಲಿ ಎಡ್ವರ್ಡ್ ಬಿಷಪ್ ಅನ್ನೋ ಅಮೆರಿಕದ ಡಾಕ್ಟರು ಮಾಡಿಟ್ಟರು. ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಮುಂದಕ್ಕಿದೆಯೋ ಹಿಂದಕ್ಕಿದೆಯೋ, ಮಗುವಿನ ತಲೆ ಎಷ್ಟು ಕೆಳಗಿಳಿದಿದೆ, ಎಲ್ಲ ಸೇರಿ 13ಕ್ಕೆ ಲೆಕ್ಕ. ಎಂಟೋ ಅದಕ್ಕಿಂತ ಮೇಲೋ ಬಂದರೆ ದಾರಿ ಸಲೀಸು. ಆರರ ಒಳಗಿದ್ದರೆ ಮೊದಲು ಮಾಗಿಸಬೇಕು. ಸೋಮವಾರ ಒಳಗೆ ಪರೀಕ್ಷೆ ಮಾಡಿದ ಮೇಲೆ ‘ಎಷ್ಟು ಬಂತು ಡಾಕ್ಟ್ರೇ?’ ಅಂತ ಕೇಳಿಬಿಡಿ. ಎಷ್ಟು ಹೊತ್ತಾಗಬಹುದು ಅನ್ನೋದರ ಸುಳಿವು ಅಲ್ಲೇ ಸಿಗುತ್ತೆ.

ಮಾಗಿಸೋಕೆ ನಮ್ಮ ಕಡೆ ಹೆಚ್ಚಾಗಿ ಜೆಲ್ ಇಡುತ್ತಾರೆ. ಫ್ರಿಜ್ಜಿನಿಂದ ತೆಗೆದ ಸಣ್ಣ ಸಿರಿಂಜು, ಅದಕ್ಕೆ ಸೂಜಿ ಇರೋದಿಲ್ಲ, ತೆಳ್ಳನೆಯ ನಳಿಕೆ ಇರುತ್ತೆ. ಇಟ್ಟ ಮೇಲೆ ಅರ್ಧ ಗಂಟೆ ಮಲಗು ಅಂತಾರೆ, ಆಮೇಲೆ ಎದ್ದು ವರಾಂಡದಲ್ಲಿ ಓಡಾಡು ಅಂತಾರೆ. ಆರು ಗಂಟೆಗೊಮ್ಮೆ ನೋಡಿ, ಬೇಕಾದರೆ ಮತ್ತೆ ಇಡೋದು, ಒಂದು ದಿನಕ್ಕೆ ಮೂರು ಸಲದ ಒಳಗೆ. ನಮ್ಮ ಸೊಸೆಗೆ ಮೊದಲ ಜೆಲ್ ಇಟ್ಟಾಗ ಏನೂ ಆಗಲೇ ಇಲ್ಲ. ಅವಳು ಮಂಚದ ಮೇಲೆ ಕಾಲು ಮಡಚಿಕೊಂಡು ಕೂತು ಚಿತ್ರಾನ್ನ ತಿನ್ನುತ್ತಿದ್ದಳು, ಬೀಗಿತ್ತಿ ಬಾಗಿಲ ಹೊರಗೆ ವಿಷ್ಣು ಸಹಸ್ರನಾಮ ಹೇಳುತ್ತಿದ್ದರು! ಎರಡನೇ ಸಲದ್ದು ಇಟ್ಟ ಮೇಲೆ ಸೊಂಟ ಹಿಡಿದುಕೊಂಡಳು ನೋಡಿ.

ಇನ್ನು ಕೆಲವು ಕಡೆ ಮಾತ್ರೆ, ಕೆಲವು ಕಡೆ ಬಲೂನು. ಈ ಎರಡರ ಪೂರ್ವಾಶ್ರಮ ಕೇಳಿದರೆ ನಿಮಗೂ ಮಜಾ ಅನಿಸುತ್ತೆ. ಮಿಸೊಪ್ರೊಸ್ಟಾಲ್ ಮಾತ್ರೆ ಮೊದಲು ಬಂದದ್ದು ಹೊಟ್ಟೆ ಹುಣ್ಣಿಗೆ! ಅದು 200 ಮೈಕ್ರೊಗ್ರಾಮಿನದು, ಹೆರಿಗೆಗೆ ಬೇಕಾಗೋದು ಬರೀ 25. ಮೊದಲೆಲ್ಲ ಬ್ಲೇಡಿನಲ್ಲಿ ಎಂಟು ತುಂಡು ಮಾಡಬೇಕಿತ್ತು, ಈಗ 25ರದ್ದೇ ಸಿಗುತ್ತೆ. ಬಲೂನು ಅಂದರೆ ಮೂತ್ರ ಹೋಗೋಕೆ ಹಾಕೋ ಫೋಲೀ ಕ್ಯಾತಿಟರು, ಅದೇ. ಅದನ್ನ ಗರ್ಭಕೋಶದ ಬಾಯಿಯೊಳಗೆ ಸೇರಿಸಿ, ತುದಿಯ ಬಲೂನಿಗೆ ಸಲೈನ್ ತುಂಬಿ, ಹೊರಗಿನ ಬಾಲವನ್ನ ಚೂರು ಎಳೆದು ತೊಡೆಗೆ ಪ್ಲಾಸ್ಟರ್ ಹಚ್ಚಿಬಿಡುತ್ತಾರೆ. ಬಾಯಿ ಮೂರು ನಾಲ್ಕು ಸೆಂಟಿಮೀಟರ್ ತೆರೆದಾಗ ಅದು ತಾನೇ ಜಾರಿ ಬೀಳುತ್ತೆ. ಬಾತ್‌ರೂಮಿನಲ್ಲಿ ಬಿದ್ದರೆ ಹುಡುಗಿಯರು ಕಿರುಚಿಕೊಳ್ಳೋದುಂಟು, ಏನೋ ಆಗಬಾರದ್ದು ಆಯಿತು ಅಂತ. ಬಿದ್ದರೆ ಒಳ್ಳೇ ಸುದ್ದಿ, ಮಗಳಿಗೆ ಹೇಳಿಟ್ಟಿರಿ. ಮೊದಲು ಸಿಸೇರಿಯನ್ ಆದವರಿಗೆ ಮಾತ್ರ ಆ ಮಾತ್ರೆ ಕೊಡೋ ಹಾಗಿಲ್ಲ. ಹಳೇ ಹೊಲಿಗೆ ಬಿಟ್ಟುಕೊಳ್ಳೋ ಭಯ.

ಈ ಮಾತ್ರೆಗೂ ಬಲೂನಿಗೂ ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ದೊಡ್ಡ ಹೋಲಿಕೆಯೇ ನಡೆಯಿತು. ಬಿಪಿ ಏರಿದ 602 ಬಸುರಿಯರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 24 ಗಂಟೆಯೊಳಗೆ ಸಿಸೇರಿಯನ್ ಇಲ್ಲದೆ ಹೆತ್ತವರು ಮಾತ್ರೆಯವರಲ್ಲಿ ನೂರಕ್ಕೆ 57, ಬಲೂನಿನವರಲ್ಲಿ 47. ಗೆದ್ದದ್ದು ಮಾತ್ರೆ ಅನ್ನೋದು ಡಾಕ್ಟರುಗಳ ಮಾತು. ನಾನು ನೋಡೋದು ಇನ್ನೊಂದನ್ನ: ಚೆನ್ನಾಗಿ ಕೆಲಸ ಮಾಡಿದ್ದರಲ್ಲೂ ಒಂದು ಹಗಲು ಒಂದು ರಾತ್ರಿ ಕಳೆದರೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನಕ್ಕೆ ಮಾತ್ರ ಹಾಗೆ ಹೆರಿಗೆಯಾಗಿತ್ತು. ಮಂಗಳವಾರ ಬೆಳಿಗ್ಗೆ ನಿಮ್ಮ ಮಗಳು ಇನ್ನೂ ವರಾಂಡದಲ್ಲೇ ಓಡಾಡುತ್ತಿದ್ದರೆ ಅದು ಅವಳ ಕೊರತೆಯೂ ಅಲ್ಲ, ಆಸ್ಪತ್ರೆಯವರ ಅಸಡ್ಡೆಯೂ ಅಲ್ಲ. ಗೊತ್ತಾಯ್ತಲ್ಲ?

ಹಾ, ಮುಹೂರ್ತ. ಪಂಚಾಂಗ ತೆಗೆಸಿದಿರಂತೆ, ನಿಮ್ಮ ಯಜಮಾನರು ಹೇಳುತ್ತಿದ್ದರು. ಶುರು ಮಾಡೋ ದಿನ ನಮ್ಮ ಕೈಲಿದೆ, ಮುಗಿಯೋ ಗಳಿಗೆ ಅಲ್ಲ. ಅಷ್ಟು ಗಂಟೆಗೇ ಆಗಲಿ ಅಂತ ಡಾಕ್ಟರ ಮುಂದೆ ಚೀಟಿ ಹಿಡಿಯಬೇಡಿ. ಹುಟ್ಟಿದ ಗಳಿಗೆ ನೋಡಿ ಜಾತಕ ಬರೆಸೋದು, ಅಷ್ಟೇ.

ಬಾಯಿ ಹದಕ್ಕೆ ಬಂದ ಮೇಲೆ ನೀರು ಒಡೆಸುತ್ತಾರೆ. ತುದಿಯಲ್ಲಿ ಕೊಕ್ಕೆ ಇರೋ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ, ನೋಡಿದರೆ ಜೀವ ಝಲ್ಲೆನ್ನುತ್ತೆ. ಆದರೆ ಆ ಪೊರೆಗೆ ನರವೇ ಇಲ್ಲ, ಹರಿದದ್ದು ಗೊತ್ತಾಗೋದಿಲ್ಲ. ಗೊತ್ತಾಗೋದು ಪರೀಕ್ಷೆಯ ಹಿಂಸೆ ಮತ್ತೆ ತೊಡೆ ಮೇಲೆ ಹರಿಯೋ ಬೆಚ್ಚನೆಯ ನೀರು. ಆಗ ನರ್ಸು ಮೊದಲು ನೋಡೋದು ಅದರ ಬಣ್ಣ. ತಿಳಿಯಾಗಿದ್ದರೆ ಸರಿ. ಹಸಿರಾಗಿದ್ದರೆ ಮಗು ಒಳಗೇ ಕಕ್ಕ ಮಾಡಿಕೊಂಡಿದೆ ಅಂತ, ಆಗ ಮಗುವಿನ ಮೇಲೆ ಇನ್ನೂ ಹೆಚ್ಚು ಕಣ್ಣಿಡುತ್ತಾರೆ. ಹೊಟ್ಟೆಗೆ ಎರಡು ಬೆಲ್ಟು ಕಟ್ಟಿರುತ್ತಾರಲ್ಲ, ಒಂದು ನೋವಿಗೆ, ಒಂದು ಮಗುವಿನ ಎದೆಬಡಿತಕ್ಕೆ. ನಿಮಿಷಕ್ಕೆ 110ರಿಂದ 160. ಆ ಡಬಡಬ ಸದ್ದು ಕೇಳಿಸುತ್ತಿದ್ದರೆ ಎಂಥವರಿಗೂ ಕಣ್ಣು ತುಂಬುತ್ತೆ. ಮಗು ಪಕ್ಕಕ್ಕೆ ಹೊರಳಿದರೆ ಸದ್ದು ತಪ್ಪಿಹೋಗುತ್ತೆ, ಬೆಲ್ಟು ಸರಿಸಿದರೆ ಮತ್ತೆ ಸಿಗುತ್ತೆ. ನಡುವೆ ಸದ್ದು ನಿಂತರೆ ಹೆದರಿ ಅಳಬೇಡಿ, ಸುಮ್ಮನೂ ಇರಬೇಡಿ, ನರ್ಸನ್ನ ಕರೀರಿ.

ಆಮೇಲೆ ಡ್ರಿಪ್ಪು. ಆಕ್ಸಿಟೋಸಿನ್. ಅದರ ಕಥೆ ದೊಡ್ಡದು ಕಣ್ರೀ. 1906ರಲ್ಲಿ ಹೆನ್ರಿ ಡೇಲ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ, ಪಿಟ್ಯುಟರಿ ಗ್ರಂಥಿಯ ರಸ ಬಸುರಿ ಬೆಕ್ಕಿನ ಗರ್ಭಕೋಶವನ್ನ ಬಿಗಿಯುತ್ತೆ ಅಂತ ಕಂಡುಕೊಂಡರು. ಅದನ್ನ 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಪ್ರಯೋಗಾಲಯದಲ್ಲೇ ತಯಾರು ಮಾಡಿದರು, ಎರಡು ವರ್ಷಕ್ಕೆ ನೊಬೆಲ್ ಬಂತು. ಬೆಕ್ಕಿನಿಂದ ಶುರುವಾದದ್ದು ನಮ್ಮಲ್ಲಿ ಎಮ್ಮೆಗೆ ಬಂದು ನಿಂತಿತು. ಕರು ಇಲ್ಲದಿದ್ದರೂ ಹಾಲು ಸೊರ ಬಿಡಲಿ ಅಂತ ಎಮ್ಮೆಗೆ ಚುಚ್ಚುತ್ತಿದ್ದರಲ್ಲ, ಅದೇ ಇಂಜೆಕ್ಷನ್! ಆ ದುರುಪಯೋಗ ತಡೆಯೋಕೆ ಅಂತ 2018ರಲ್ಲಿ ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಗೆ ಖಾಸಗಿಯವರು ಇದನ್ನ ತಯಾರಿಸಲೇಬಾರದು ಅಂದಿತು. ಇಡೀ ದೇಶಕ್ಕೆ ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಕಂಪನಿಯೊಂದೇ ಮಾಡಿ ಕೊಡಲಿ ಅಂತ. ಒಂದೇ ಕಡೆ ನಂಬಿಕೊಂಡರೆ ಹೆರಿಗೆ ಕೋಣೆಯಲ್ಲಿ ಔಷಧಿ ಇಲ್ಲದೆ ತಾಯಂದಿರ ಗತಿ ಏನು ಅಂತ ಗಲಾಟೆಯಾಗಿ, ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆದೇಶ ರದ್ದು ಮಾಡಿತು. ಗಲಾಟೆ ಮಾಡಿದವರದೇ ಸರಿ ಅಂತ ನನ್ನ ಮತ. ನೋವು ಬರಿಸೋಕಷ್ಟೇ ಅಲ್ಲ, ಹೆತ್ತ ಮೇಲೆ ರಕ್ತ ನಿಲ್ಲಿಸೋಕೂ ಅದೇ ಬೇಕಲ್ವಾ? ಮಗು ಹೊರಗೆ ಬಂದ ತಕ್ಷಣ ಎಲ್ಲ ತಾಯಂದಿರಿಗೂ ಅದನ್ನ ಕೊಡುತ್ತಾರೆ. ‘ಹೆರಿಗೆ ಆಯ್ತಲ್ಲ, ಇನ್ನೂ ಯಾಕೆ ಸೂಜಿ’ ಅಂತ ಗಾಬರಿಯಾಗಬೇಡಿ.

ಎಲ್ಲಿದ್ದೆ? ಹೌದು, ಡ್ರಿಪ್ಪು. ಸಣ್ಣಗೆ ಶುರು ಮಾಡಿ, ಅರ್ಧ ಗಂಟೆಗೊಮ್ಮೆ ಚೂರು ಚೂರು ಏರಿಸುತ್ತಾರೆ. ಮೆಷಿನ್ ಇದ್ದರೆ ಮೆಷಿನ್ನು, ಇಲ್ಲದಿದ್ದರೆ ನರ್ಸು ವಾಚು ನೋಡಿಕೊಂಡು ಹನಿ ಎಣಿಸುತ್ತಾಳೆ. ಹತ್ತು ನಿಮಿಷಕ್ಕೆ ಮೂರು ನಾಲ್ಕು ನೋವು ಬಂದರೆ ಸಾಕು. ಐದಕ್ಕಿಂತ ಹೆಚ್ಚಾದರೆ ನಡುವೆ ಮಗುವಿಗೆ ಉಸಿರು ಸಾಲದು, ಆಗ ಡ್ರಿಪ್ಪು ಇಳಿಸುತ್ತಾರೆ, ಇಲ್ಲ ನಿಲ್ಲಿಸುತ್ತಾರೆ. ‘ಬೇಗ ಆಗಲಿ, ಜಾಸ್ತಿ ಬಿಡಿ’ ಅಂತ ಯಾರೂ ಅವರನ್ನ ಒತ್ತಾಯ ಮಾಡಬಾರದು, ಆ ಹನಿಗೆ ಯಾರೂ ಕೈ ಹಚ್ಚಲೂಬಾರದು.

ನೋವು ಹೇಗಿರುತ್ತೆ ಅಂತ ಮಗಳು ಕೇಳಿದರೆ ನಿಜವನ್ನೇ ಹೇಳಿ. ತಾನಾಗೇ ಬರೋದು ಮೆಲ್ಲಗೆ ಏರುತ್ತೆ, ಡ್ರಿಪ್ಪಿನದು ಬೇಗ ಏರಿಬಿಡುತ್ತೆ. ಬೆನ್ನಿಗೆ ಕೊಡೋ ಎಪಿಡ್ಯೂರಲ್ ಆ ಆಸ್ಪತ್ರೆಯಲ್ಲಿ ಉಂಟಾ, ರಾತ್ರಿ ಹೊತ್ತೂ ಕೊಡೋರು ಇರುತ್ತಾರಾ ಅಂತ ಭಾನುವಾರವೇ ಕೇಳಿಟ್ಟುಕೊಳ್ಳಿ. ತಗೊಂಡರೆ ತಾಯ್ತನಕ್ಕೆ ಕುಂದು ಅನ್ನೋರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದ ಮೇಲೆಯೇ ನಿಜವಾದ ಓಟ. ಅಲ್ಲಿಯವರೆಗೆ ‘ಎರಡು ಬೆರಳು’, ‘ಇನ್ನೂ ಎರಡೇ ಬೆರಳು’ ಅಂತ ಹಳೇ ನರ್ಸಮ್ಮಂದಿರು ಹೇಳುತ್ತಿದ್ದರೆ ಆ ಹುಡುಗಿಗೆ ಅಳು ಬರುತ್ತೆ. ಆಗ ಸೊಂಟ ನೀವೋ ಒಂದು ಕೈ ಪಕ್ಕದಲ್ಲಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲೂ ಹೆತ್ತು ಅನುಭವ ಇರೋ ಮನೆಯ ಹೆಂಗಸೊಬ್ಬಳು ಹೆರಿಗೆ ಕೋಣೆಯಲ್ಲಿ ಜೊತೆಗಿರಬಹುದು ಅಂತ 2016ರಲ್ಲೇ ಕೇಂದ್ರ ಆರೋಗ್ಯ ಇಲಾಖೆ ಹೇಳಿದೆ. ಬಾಗಿಲಲ್ಲಿ ತಡೆದರೆ ಮೆತ್ತಗೆ ಅದನ್ನ ಹೇಳಿ ನೋಡಿ.

ಇನ್ನು ನಿಮ್ಮನ್ನ ನಿಜವಾಗಿ ಕೊರೆಯುತ್ತಿರೋದು ಗೊತ್ತು ನನಗೆ. ‘ನೋವು ಬರಿಸೋದು ಅಂತ ಶುರು ಮಾಡಿ ಕೊನೆಗೆ ಕೊಯ್ದೇ ತೆಗೀತಾರೆ’ ಅಂತ, ಅಲ್ವಾ? ಆಚೆ ಬೀದಿಯಲ್ಲೂ ಅದೇ ಮಾತು. 2018ರಲ್ಲಿ ಅಮೆರಿಕದ 41 ಆಸ್ಪತ್ರೆಗಳಲ್ಲಿ ಆರು ಸಾವಿರಕ್ಕೂ ಮೇಲೆ ಚೊಚ್ಚಲು ಬಸುರಿಯರನ್ನ ಇಟ್ಟುಕೊಂಡು ಮಾಡಿದ ಅಧ್ಯಯನದ ಫಲಿತಾಂಶ ಬಂತು. ಯಾವ ತೊಂದರೆಯೂ ಇಲ್ಲದವರೇ. 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಸಿಸೇರಿಯನ್ ಆದದ್ದು ನೂರಕ್ಕೆ 18.6, ಕಾದವರಲ್ಲಿ 22.2. ಹೆಚ್ಚಾಗಲಿಲ್ಲ, ಕಮ್ಮಿಯೇ ಆಯಿತು! ಅವರ ಆಸ್ಪತ್ರೆ ಬೇರೆ, ನಮ್ಮದು ಬೇರೆ, ಒಪ್ಪಿದೆ. ಅಲ್ಲಿ ಎಷ್ಟು ಹೊತ್ತು ಕಾಯುತ್ತಾರೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ತಾಯಿ ಮಗು ಚೆನ್ನಾಗಿದ್ದರೆ, ನೀರು ಒಡೆದು ಡ್ರಿಪ್ಪು ಹಾಕಿದ ಮೇಲೂ ಕನಿಷ್ಠ 12ರಿಂದ 18 ಗಂಟೆ ನೋಡದೆ ಆಗಲಿಲ್ಲ ಅನ್ನಬಾರದು ಅಂತ ಅಲ್ಲಿಯ ತಜ್ಞರ ನಿಯಮ. ಮಗುವಿನ ಎದೆಬಡಿತ ಇಳಿದರೆ ಮಾತ್ರ ಬೇರೆ ಲೆಕ್ಕ, ಆಗ ಯೋಚನೆ ಮಾಡುತ್ತಾ ನಿಲ್ಲೋ ಹೊತ್ತಲ್ಲ. ಡಾಕ್ಟರು ಹೇಳಿದ ಕಡೆ ಸಹಿ ಹಾಕಿ. ಹಾಗಾದರೆ ಅವಳು ಸೋತಳು ಅಂತ ಯಾರೂ ಅನ್ನದ ಹಾಗೆ ನೋಡಿಕೊಳ್ಳೋದು ನಿಮ್ಮ ಕೆಲಸ.

ಸರಿ, ಈಗ ಸಾಮಾನು. ಹಳೇ ಮೆತ್ತನೆಯ ಕಾಟನ್ ಪಂಚೆ ತೊಳೆದು ಬಿಸಿಲಿಗೆ ಹಾಕಿದ್ದೀರಲ್ಲ, ನಿನ್ನೆ ನೋಡಿದೆ. ನಾಲ್ಕು ಸಾಲದು, ಇನ್ನೂ ಎರಡು ಇಟ್ಟುಕೊಳ್ಳಿ. ಒಂದು ರಾತ್ರಿಯದ್ದಲ್ಲ, ಎರಡು ರಾತ್ರಿಯ ಬಟ್ಟೆ ನಿಮಗೂ ಇರಲಿ, ಒಂದು ಹೊದಿಕೆ, ಉದ್ದ ವೈರಿನ ಚಾರ್ಜರು. ಜೆಲ್ ಇಟ್ಟಿರೋವಾಗ ಏನು ತಿನ್ನಬಹುದು ಅಂತ ನರ್ಸನ್ನ ಕೇಳಿ, ಬೇಡ ಅನ್ನದಿದ್ದರೆ ಗಂಜಿ, ಎಳನೀರು ಸ್ವಲ್ಪ ಸ್ವಲ್ಪ ಕೊಡುತ್ತಿರಿ. ಫೋನ್ ಎತ್ತೋಕೆ ಮನೆಯಲ್ಲಿ ಒಬ್ಬರನ್ನೇ ಇಡಿ, ಮಗಳ ಫೋನು ಅವಳ ಕೈಗೆ ಬೇಡ. ಬಿಸಿನೀರಿನ ಫ್ಲಾಸ್ಕು ನಿಮ್ಮಲ್ಲಿರೋದು ಸಣ್ಣದು; ನನ್ನ ಹತ್ತಿರ ಎರಡು ಲೀಟರಿಂದಿದೆ, ಸಂಜೆ ತೊಳೆದು ಕಳಿಸ್ತೀನಿ.